ಹೈ-ಲೋ ಬಿಟ್ಟು ಒಮೆಗಾ-2 ಹಿಡಿಯಲೇ? ಬ್ಲ್ಯಾಕ್‌ಜ್ಯಾಕ್ ಎಣಿಕೆ ಕಲಿಯುತ್ತಿರುವ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮೂರು ತಿಂಗಳಿಂದ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಬ್ಲ್ಯಾಕ್‌ಜ್ಯಾಕ್‌ನಲ್ಲಿ, ಅಂದರೆ 21 ದಾಟದೆ ಡೀಲರ್‌ಗಿಂತ ಹೆಚ್ಚು ಅಂಕ ಮಾಡಬೇಕಾದ ಇಸ್ಪೀಟು ಆಟದಲ್ಲಿ, ಎಲೆ ಎಣಿಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹೈ-ಲೋ ಪದ್ಧತಿಯಲ್ಲಿ ಒಂದು ಕಟ್ಟನ್ನು 35 ಸೆಕೆಂಡಿನಲ್ಲಿ ಎಣಿಸಿ ಮುಗಿಸುತ್ತೇನೆ. ಆ್ಯಪ್ ಕೊಟ್ಟಿದ್ದ 10,000 ಡಾಲರ್ ಆಟದ ಹಣ ಈಗ 17,000 ಆಗಿದೆ. ಒಮೆಗಾ-2 ಪದ್ಧತಿ ಹೈ-ಲೋಗಿಂತ ಬಲವಾದದ್ದು ಎಂದು ಓದಿದೆ. ಅದಕ್ಕೆ ಬದಲಾಯಿಸಲೇ? ಉಳಿತಾಯದಿಂದ 5,000 ಡಾಲರ್ ಎತ್ತಿಟ್ಟಿದ್ದೇನೆ. ವಾರಾಂತ್ಯಗಳಲ್ಲಿ ನಮ್ಮ ರಾಜ್ಯದಲ್ಲೇ ಇರುವ ಕ್ಯಾಸಿನೊಗಳ ಊರು ಅಟ್ಲಾಂಟಿಕ್ ಸಿಟಿಗೆ ಹೋಗಿ 15 ಡಾಲರ್ ಟೇಬಲ್‌ನಲ್ಲಿ ಆಡುವ ಯೋಚನೆ. ಇದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ವೀಸಾಕ್ಕೆ ತೊಂದರೆ ಎಂದು ಹೆಂಡತಿ ಹೆದರಿದ್ದಾಳೆ. ಊರಿಗೆ ಬಂದಾಗ ಗೋವಾದಲ್ಲೂ ಆಡಬಹುದೇ?

ಉತ್ತರ: ಪದ್ಧತಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಬದಲಾಯಿಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನನ್ನು ನಿಲ್ಲಿಸಿದ್ದು 17,000 ಮತ್ತು 5,000 ಎಂಬ ಎರಡು ಅಂಕಿಗಳು. ಇಂಥ ಆಟಗಳ ಸಂಭವನೀಯತೆಯ ಲೆಕ್ಕ ಹಾಕುವುದು, ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಕೈ ಆಡಿಸಿ ನೋಡುವುದು ನನ್ನ ವೃತ್ತಿ. ಎಣಿಕೆ ಕಲಿತ ಜಾಣರು ಹಣ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಎಣಿಕೆ ಸರಿಯಾಗಿಯೇ ಇತ್ತು. ಕೈಯಲ್ಲಿದ್ದ ಹಣ ಮಾತ್ರ ಆ ಪಣಕ್ಕೆ ಸಾಲುತ್ತಿರಲಿಲ್ಲ.

ಮೊದಲು ನಿಮ್ಮ ಮನೆಯವರ ಭಯದ ಬಗ್ಗೆ. ತಲೆಯಲ್ಲೇ ಎಲೆ ಎಣಿಸುವುದು ಅಮೆರಿಕದ ಯಾವ ರಾಜ್ಯದಲ್ಲೂ ಅಪರಾಧವಲ್ಲ. ಎದುರಿಗೆ ಬಿಚ್ಚಿಟ್ಟ ಎಲೆಗಳನ್ನು ನೋಡಿ ಯೋಚಿಸುವುದಷ್ಟೇ ಅದು. ಕ್ಯಾಸಿನೊ ಏನು ಮಾಡಬಹುದು ಎಂಬುದು ಬೇರೆ ಮಾತು. ನೆವಾಡಾದಲ್ಲಿ, ಅಂದರೆ ಲಾಸ್ ವೇಗಸ್‌ನಲ್ಲಿ, ಎಣಿಸುವವರನ್ನು ಹೊರಗೆ ಕಳಿಸುವ ಹಕ್ಕು ಕ್ಯಾಸಿನೊಗಿದೆ. ನಿಮ್ಮ ನ್ಯೂಜೆರ್ಸಿಯಲ್ಲಿ ಆ ಹಕ್ಕಿಲ್ಲ. ಕೆನ್ ಯೂಸ್ಟನ್ ಎಂಬ ಪ್ರಸಿದ್ಧ ಆಟಗಾರ ಹೂಡಿದ ಮೊಕದ್ದಮೆಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟು, ಎಣಿಸುತ್ತಾನೆ ಎಂಬ ಒಂದೇ ಕಾರಣಕ್ಕೆ ಕ್ಯಾಸಿನೊ ತಾನಾಗಿಯೇ ಯಾರನ್ನೂ ಹೊರಗಿಡುವಂತಿಲ್ಲ ಎಂದಿತು. ಹಾಗೆಂದು ಅವರು ಕೈಕಟ್ಟಿ ಕೂರುವುದಿಲ್ಲ. ನೀವು ಪಣ ಏರಿಸಿದ ಕೂಡಲೇ ಎಲೆಗಳನ್ನು ಮತ್ತೆ ಕಲಸುತ್ತಾರೆ, ನಿಮ್ಮ ಗರಿಷ್ಠ ಪಣಕ್ಕೆ ಮಿತಿ ಹಾಕುತ್ತಾರೆ. ಎರಡರಲ್ಲಿ ಯಾವುದು ನಡೆದರೂ ಎಣಿಕೆಯ ಲಾಭ ಅಲ್ಲಿಗೇ ಮುಗಿಯಿತು.

ಅಪರಾಧವಾಗುವುದು ಒಂದೇ ದಾರಿಯಲ್ಲಿ: ಟೇಬಲ್‌ನಲ್ಲಿ ಉಪಕರಣ ಬಳಸಿದರೆ. ನೆವಾಡಾ 1985ರಲ್ಲೇ ಇದಕ್ಕೆ ಕಾನೂನು ತಂದಿತು, ನ್ಯೂಜೆರ್ಸಿಯಲ್ಲೂ ನಿಷೇಧವಿದೆ. ನೀವು ಅಭ್ಯಾಸ ಮಾಡುತ್ತಿರುವ ಅದೇ ಆ್ಯಪ್ ಮನೆಯ ಸೋಫಾದ ಮೇಲೆ ಪಾಠದ ಪುಸ್ತಕ, ಕ್ಯಾಸಿನೊ ಟೇಬಲ್‌ನಲ್ಲಿ ಜೈಲಿಗೆ ದಾರಿ. ಫೋನನ್ನು ಮುಟ್ಟಲೂ ಬೇಡಿ. ವೀಸಾದ ಮಟ್ಟಿಗೆ, ಅಪರಾಧವಲ್ಲದ ಆಟ ಆಡಿದ್ದಕ್ಕೆ ಯಾವ ಅಪರಾಧ ದಾಖಲೆಯೂ ಹುಟ್ಟುವುದಿಲ್ಲ. ಆದರೆ ಇದನ್ನೇ ನಿಯಮಿತ ಸಂಪಾದನೆಯ ದಾರಿ ಮಾಡಿಕೊಳ್ಳುವ ಆಲೋಚನೆ ಇದ್ದರೆ, ಕೆಲಸದ ವೀಸಾದಲ್ಲಿರುವವರು ಮೊದಲು ವಲಸೆ ವಕೀಲರನ್ನು ಕೇಳಬೇಕು. ಅದು ನನ್ನ ಕ್ಷೇತ್ರವಲ್ಲ, ಆದರೆ ಕೇಳದೆ ಹೋಗಬೇಡಿ.

ಇನ್ನು ಎಣಿಕೆ. ಬಂದುಹೋದ ಎಲೆಗಳನ್ನೆಲ್ಲ ನೆನಪಿಡಬೇಕು ಎಂಬ ಕಲ್ಪನೆ ಇನ್ನೂ ಗಟ್ಟಿಯಾಗಿದೆ. ನೆನಪಿಡಬೇಕಾದದ್ದು ಒಂದೇ ಸಂಖ್ಯೆ. ಹೈ-ಲೋದಲ್ಲಿ 2ರಿಂದ 6ರವರೆಗಿನ ಎಲೆ ಕಂಡರೆ ಒಂದು ಕೂಡಿಸಿ, ಹತ್ತು, ಹತ್ತೆಂದೇ ಲೆಕ್ಕವಾಗುವ ಗುಲಾಮ, ರಾಣಿ, ರಾಜ, ಜೊತೆಗೆ ಎಕ್ಕ ಕಂಡರೆ ಒಂದು ಕಳೆಯಿರಿ, 7, 8, 9 ಬಂದರೆ ಸುಮ್ಮನಿರಿ. ಚಿಕ್ಕ ಎಲೆಗಳು ಹೋಗಿಬಿಟ್ಟರೆ ಉಳಿದ ಕಟ್ಟಿನಲ್ಲಿ ದೊಡ್ಡವು ದಟ್ಟವಾಗುತ್ತವೆ. ಅದರಿಂದ ಆಟಗಾರನಿಗೇಕೆ ಲಾಭ? ಎಕ್ಕ ಮತ್ತು ಹತ್ತು ಜೊತೆಯಾಗಿ ಬಂದರೆ (ಈ ಕೈಗೇ ಬ್ಲ್ಯಾಕ್‌ಜ್ಯಾಕ್ ಎನ್ನುವುದು) ನಿಮಗೆ ಪಣದ ಒಂದೂವರೆಪಟ್ಟು ಸಿಗುತ್ತದೆ, ಡೀಲರ್‌ಗೆ ಬಂದರೆ ನೀವು ಕಳೆದುಕೊಳ್ಳುವುದು ಒಂದು ಪಟ್ಟು ಮಾತ್ರ. ಡೀಲರ್ 12ರಿಂದ 16ರವರೆಗೆ ಇದ್ದಾಗ ಇಷ್ಟವಿಲ್ಲದಿದ್ದರೂ ಎಲೆ ಎಳೆಯಲೇಬೇಕು. ದೊಡ್ಡ ಎಲೆ ಬಂದರೆ 21 ದಾಟಿ ಸೋಲುತ್ತಾನೆ. ನೀವು ಅಲ್ಲಿ ನಿಲ್ಲಬಹುದು. ಪಣ ಇಮ್ಮಡಿಸಿ ಒಂದೇ ಎಲೆ ಎಳೆಯುವಾಗಲೂ ಹತ್ತು ಬಂದರೆ ನಿಮಗೇ ಒಳ್ಳೆಯದು.

ಇದಕ್ಕೆ ಗಣಿತದ ಬುನಾದಿ ಗಟ್ಟಿಯಾಗಿದೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 1962ರಲ್ಲಿ ಪುಸ್ತಕ ಬರೆದು ಇದನ್ನು ಜಗತ್ತಿಗೆ ಹೇಳಿದರು. ಮರುವರ್ಷ ಹಾರ್ವಿ ಡಬ್ನರ್ ಸರಳವಾದ ಹೈ-ಲೋ ರೂಪವನ್ನು ಮುಂದಿಟ್ಟರು. ನೀವು ಕಲಿಯುತ್ತಿರುವುದು ಅರವತ್ತು ವರ್ಷ ದಾಟಿದ, ಚೆನ್ನಾಗಿ ಪರೀಕ್ಷೆಗೊಳಗಾದ ಪದ್ಧತಿ.

ಟೇಬಲ್‌ನಲ್ಲಿ ಅದು ಹೇಗೆ ನಡೆಯುತ್ತದೆ ನೋಡಿ. ಆರು ಕಟ್ಟಿನ ಹೊಸ ಷೂ (ಎಲೆಗಳನ್ನು ತುಂಬಿಟ್ಟು ಹಂಚುವ ಪೆಟ್ಟಿಗೆ), ಮೂವರು ಆಟಗಾರರು, ಕೊನೆಯಲ್ಲಿ ನೀವು. ಮೊದಲನೆಯವರ ಮುಂದೆ ರಾಜ ಮತ್ತು 6: ಒಂದು ಹೋಗಿ ಒಂದು ಬಂತು, ಸೊನ್ನೆ. ಎರಡನೆಯವರದು 5 ಮತ್ತು 3: +2. ನಿಮ್ಮದು 9 ಮತ್ತು 7: ಸೊನ್ನೆ. ಡೀಲರ್ ತೋರಿಸಿದ್ದು ಹತ್ತು: ಒಂದು ಕಳೆದು +1. ಮೊದಲನೆಯವರು 4 ಎಳೆದು 20 ಮಾಡಿಕೊಂಡರು: +2. ಎರಡನೆಯವರಿಗೆ ರಾಣಿ ಬಂದು 18 ಆಯಿತು: +1. ಈಗ ನಿಮ್ಮ ಸರದಿ, ಕೈಯಲ್ಲಿ 16, ಎದುರಿಗೆ ಹತ್ತು. ಎಣಿಸದೆ ಆಡುವವರು ಯಾವ ಕೈಯನ್ನು ಹೇಗೆ ಆಡಬೇಕೆಂದು ಹೇಳುವ ಮೂಲತಂತ್ರದ ಪಟ್ಟಿ ಎಲೆ ಎಳೆಯಿರಿ ಎನ್ನುತ್ತದೆ. ಆದರೆ ಹೈ-ಲೋದಲ್ಲಿ ಎಣಿಕೆ ಸೊನ್ನೆಗಿಂತ ಮೇಲಿದ್ದರೆ ಅಲ್ಲಿ ನಿಲ್ಲುವುದೇ ಸರಿ. ಸರೆಂಡರ್, ಅಂದರೆ ಅರ್ಧ ಪಣ ಬಿಟ್ಟುಕೊಟ್ಟು ಕೈ ಬಿಡುವ ಅವಕಾಶ, ಇಲ್ಲದ ಟೇಬಲ್‌ನಲ್ಲಿ ನೀವು ನಿಲ್ಲುತ್ತೀರಿ, ಪಕ್ಕದವರು ತಲೆ ಅಲ್ಲಾಡಿಸುತ್ತಾರೆ. ಇದರಿಂದ ಸಿಗುವ ಲಾಭ ಕೂದಲೆಳೆಯಷ್ಟು ಎಂಬುದನ್ನು ಮರೆಯಬೇಡಿ. ನಿಂತರೂ ಎಳೆದರೂ ಹೆಚ್ಚು ಸಲ ಸೋಲುವ ಕೈ ಅದು. ಕಲಿಯುವವರು ಗಮನಿಸಬೇಕಾದದ್ದು ಓದುವ ರೀತಿಯನ್ನು. ಅಭ್ಯಾಸವಾದವರು ಎಲೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ರಾಜ-ಆರು ಕಂಡರೆ ಕಣ್ಣು ಅದನ್ನು ಸೊನ್ನೆ ಎಂದೇ ದಾಟಿಹೋಗುತ್ತದೆ.

ಇದು ಓಡುವ ಎಣಿಕೆ. ಪಣ ನಿರ್ಧರಿಸಲು ಇದನ್ನು ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಿ ನಿಜ ಎಣಿಕೆ ತೆಗೆಯಬೇಕು. ಓಡುವ ಎಣಿಕೆ +9, ಉಳಿದದ್ದು ಮೂರು ಕಟ್ಟು ಎಂದರೆ ನಿಜ ಎಣಿಕೆ +3. ಅದೇ +9 ಷೂ ಆರಂಭದಲ್ಲೇ ಬಂದಿದ್ದರೆ ಎರಡನ್ನೂ ದಾಟುವುದಿಲ್ಲ. ನಿಜ ಎಣಿಕೆ ಒಂದು ಏರಿದರೆ ಆಟಗಾರನ ಪರವಾಗಿ ಸುಮಾರು ಅರ್ಧ ಶೇಕಡಾ ವಾಲುತ್ತದೆ. ಮೂಲತಂತ್ರವನ್ನು ತಪ್ಪಿಲ್ಲದೆ ಆಡಿದರೂ ಕ್ಯಾಸಿನೊ ಆರಂಭದಲ್ಲಿ ಸುಮಾರು ಅರ್ಧ ಶೇಕಡಾ ಮುಂದಿರುತ್ತದೆ. ಹಾಗಾಗಿ +1ರಲ್ಲಿ ಸಮ, +2ರಿಂದ ನಿಮ್ಮ ಕಡೆ. ಆರು ಕಟ್ಟಿನ ಆಟದಲ್ಲಿ ಅಂಥ ಗಳಿಗೆಗಳು ಅಪರೂಪ. ಉಳಿದ ಹೊತ್ತೆಲ್ಲ ಸಣ್ಣ ಪಣ ಹಾಕುತ್ತ, ಸಣ್ಣದಾಗಿ ಸೋಲುತ್ತ ಕಾಯಬೇಕು.

ಈಗ ಒಮೆಗಾ-2. ಬ್ರೈಸ್ ಕಾರ್ಲ್‌ಸನ್ ಅವರ ಈ ಪದ್ಧತಿಯಲ್ಲಿ 2, 3, 7ಕ್ಕೆ +1, 4, 5, 6ಕ್ಕೆ +2, 9ಕ್ಕೆ -1, ಹತ್ತರ ಎಲೆಗಳಿಗೆ -2, 8 ಮತ್ತು ಎಕ್ಕಕ್ಕೆ ಸೊನ್ನೆ. ಬಲವಾದದ್ದು ಎಂಬ ಮಾತು ಸುಳ್ಳಲ್ಲ, ಅರ್ಧ ನಿಜ. ಪದ್ಧತಿಯೊಂದನ್ನು ಅಳೆಯಲು ಮುಖ್ಯವಾಗಿ ಎರಡು ಅಳತೆಗಳಿವೆ. ಪಣ ಯಾವಾಗ ಏರಿಸಬೇಕೆಂದು ಎಷ್ಟು ಚೆನ್ನಾಗಿ ಹೇಳುತ್ತದೆ ಎಂಬುದು ಒಂದು, ಕೈಯನ್ನು ಹೇಗೆ ಆಡಬೇಕೆಂದು ಎಷ್ಟು ಚೆನ್ನಾಗಿ ಹೇಳುತ್ತದೆ ಎಂಬುದು ಇನ್ನೊಂದು. ಆಡುವುದರಲ್ಲಿ ಒಮೆಗಾ-2ರ ಅಂಕ 0.67, ಹೈ-ಲೋದ್ದು 0.51. ಪಣದ ವಿಷಯದಲ್ಲಿ ತಿರುವುಮುರುವು: ಹೈ-ಲೋ 0.97, ಒಮೆಗಾ-2 0.92. ಏಕೆಂದರೆ ಒಮೆಗಾ-2 ಎಕ್ಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಕೊರತೆ ತುಂಬಬೇಕಾದರೆ ಎಕ್ಕಗಳನ್ನು ಪ್ರತ್ಯೇಕವಾಗಿ, ಎರಡನೆಯ ಸಂಖ್ಯೆಯಾಗಿ ಎಣಿಸುತ್ತಿರಬೇಕು. ಒಂದೇ ಕಟ್ಟಿನ ಆಟದಲ್ಲಿ ಕೈ ಆಡುವ ಜಾಣ್ಮೆಗೆ ಬೆಲೆ ಹೆಚ್ಚು; ಆರು ಅಥವಾ ಎಂಟು ಕಟ್ಟಿನ ಷೂನಲ್ಲಿ ಲಾಭದ ಬಹುಪಾಲು ಬರುವುದು ಪಣದಿಂದ. ನೀವು ಕೂರುವುದು ಷೂ ಆಟಕ್ಕೆ. ನಿಮಗೆ ಹೈ-ಲೋನೇ ಸರಿ.

ಭಾಗಾಕಾರವೇ ತೊಡಕು ಎನ್ನುವವರಿಗೆ ಮಾತ್ರ ನಾನು ಬೇರೆ ಪದ್ಧತಿ ಹೇಳುತ್ತೇನೆ, ಅದು ಕೆಓ (ನಾಕ್-ಔಟ್). ಅದರಲ್ಲಿ ಉಳಿದದ್ದೆಲ್ಲ ಹೈ-ಲೋದಂತೆ, 7ಕ್ಕೂ +1. ಆರು ಕಟ್ಟಿಗೆ -20ರಿಂದ ಎಣಿಕೆ ಶುರು, -4 ತಲುಪಿದಾಗ ಆಟ ನಿಮ್ಮ ಕಡೆ ವಾಲಲು ತೊಡಗುತ್ತದೆ, ಭಾಗಿಸುವ ಕೆಲಸವಿಲ್ಲ. ಹೈ-ಲೋಗೆ ಹತ್ತಿರದ ಫಲವನ್ನೇ ಕೊಡುತ್ತದೆ. ನಿಮಗೆ ಭಾಗಾಕಾರ ಕಷ್ಟವಾಗುತ್ತಿಲ್ಲ ಎಂದಾದರೆ ಇದೂ ಬೇಡ.

ಅಭ್ಯಾಸದ ಸಾಫ್ಟ್‌ವೇರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ 17,000 ಅಲ್ಲಿಂದ ಬಂದದ್ದು. ಗೆದ್ದ ಹಣವನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಆ್ಯಪ್ ನಿಮಗೆ ಏನನ್ನೂ ಕಲಿಸುತ್ತಿಲ್ಲ. ಮೂರು ತಿಂಗಳ ಗೆಲುವು ಈ ಆಟದಲ್ಲಿ ಅದೃಷ್ಟದ ಏರಿಳಿತದೊಳಗೇ ಮುಳುಗಿಹೋಗುವಷ್ಟು ಚಿಕ್ಕ ಮಾದರಿ. ತಪ್ಪು ಎಣಿಸಿದವರಿಗೂ ಅಷ್ಟು ಬರಬಹುದು, ಸರಿಯಾಗಿ ಎಣಿಸಿದವರಿಗೂ ಅಷ್ಟು ಹೋಗಬಹುದು. ನಿಮಗೆ ಬೇಕಾದದ್ದು ತಪ್ಪುಗಳ ವರದಿ: ಎಷ್ಟು ಕೈಗಳಲ್ಲಿ ಮೂಲತಂತ್ರ ತಪ್ಪಿತು, ಷೂ ಮುಗಿದಾಗ ನಿಮ್ಮ ಎಣಿಕೆ ಎಷ್ಟು ದೂರವಿತ್ತು, ಎಣಿಕೆ ಹೇಳಿದ ಪಣವನ್ನೇ ಹಾಕಿದಿರಾ. ನೀವು ಹೋಗುವ ಟೇಬಲ್‌ನ ನಿಯಮಗಳನ್ನು ಅದರಲ್ಲಿ ಹಾಕಲು ಬರಬೇಕು. ಆಡಿಬಿಟ್ಟ ಎಲೆಗಳ ತಟ್ಟೆಯನ್ನು ತೋರಿಸಬೇಕು. ಅದರ ಎತ್ತರ ನೋಡಿ ಎಷ್ಟು ಕಟ್ಟು ಉಳಿದಿದೆ ಎಂದು ಅಂದಾಜು ಮಾಡುವುದೂ ಕಲಿಯಬೇಕಾದ ವಿದ್ಯೆ, ಎಷ್ಟೋ ಜನ ತಪ್ಪುವುದು ಅಲ್ಲೇ. ನಾರ್ಮ್ ವಾಟೆನ್‌ಬರ್ಗರ್ ಅವರ ಕ್ಯಾಸಿನೊ ವೆರಿಟೆ ಎಂಬ ಕಂಪ್ಯೂಟರ್ ತಂತ್ರಾಂಶ ಇದನ್ನೆಲ್ಲ ಮಾಡುತ್ತದೆ, ಗಂಭೀರವಾಗಿ ಆಡುವವರು ಬಹುಕಾಲದಿಂದ ಬಳಸುತ್ತಿರುವುದು ಅದನ್ನೇ. ನೋಡಲು ಹಳೆಯ ಕಾಲದ್ದೆನಿಸಿದರೂ ಹಣ ಕೊಡಲು ಯೋಗ್ಯವಾದದ್ದು.

ಆ್ಯಪ್‌ನ ಜೊತೆಗೆ ನಿಜವಾದ ಇಸ್ಪೀಟು ಕಟ್ಟೂ ಕೈಯಲ್ಲಿರಲಿ. ಒಂದು ಎಲೆಯನ್ನು ನೋಡದೆ ತೆಗೆದು ಮಗುಚಿಡಿ, ಉಳಿದ 51ನ್ನು ಎರಡೆರಡಾಗಿ ಎಸೆಯುತ್ತ ಎಣಿಸಿ. ಕೊನೆಯಲ್ಲಿ +1 ಬಂದರೆ ಮಗುಚಿಟ್ಟದ್ದು ಹತ್ತರ ಎಲೆ ಅಥವಾ ಎಕ್ಕ, -1 ಬಂದರೆ ಚಿಕ್ಕದು, ಸೊನ್ನೆ ಬಂದರೆ 7, 8, 9ರಲ್ಲೊಂದು. ತಿರುಗಿಸಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. 35 ಸೆಕೆಂಡು ಕೆಟ್ಟದ್ದಲ್ಲ. 25ರಿಂದ 30ಕ್ಕೆ ಇಳಿಯಲಿ, ಅದೂ ಟಿವಿ ಹಾಕಿಕೊಂಡು, ಮಗು ಏನೋ ಕೇಳುತ್ತಿರುವಾಗ, ನೀವು ಉತ್ತರಿಸುತ್ತಿರುವಾಗ. ಮೌನದಲ್ಲಿ ಮಾತ್ರ ಬರುವ ಎಣಿಕೆ ಕ್ಯಾಸಿನೊದ ಗದ್ದಲದಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ. ಎಣಿಕೆ ನೋಡಿ ಮೂಲತಂತ್ರ ಬದಲಿಸುವ ಪಟ್ಟಿಯಲ್ಲಿ ನೂರಾರು ಸಂಖ್ಯೆ ಬಾಯಿಪಾಠ ಮಾಡಬೇಕಿಲ್ಲ. ಡಾನ್ ಶ್ಲೆಸಿಂಜರ್ ಆರಿಸಿಕೊಟ್ಟ 18 ಸಂದರ್ಭಗಳಲ್ಲೇ ಲಾಭದ ಬಹುಭಾಗ ಇದೆ. ಅದರಲ್ಲೂ ಮೊದಲನೆಯದು ಇನ್ಶೂರೆನ್ಸ್, ಅಂದರೆ ಡೀಲರ್ ಎಕ್ಕ ತೋರಿಸಿದಾಗ ಅವನಿಗೆ ಬ್ಲ್ಯಾಕ್‌ಜ್ಯಾಕ್ ಇದೆ ಎಂದು ಹಾಕುವ ಪ್ರತ್ಯೇಕ ಪಣ: ನಿಜ ಎಣಿಕೆ +3 ಅಥವಾ ಮೇಲಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಎಂದೂ ಬೇಡ.

ಇನ್ನು ಆ 5,000. ಒಂದು ಒರಟು ಲೆಕ್ಕ ಕೊಡುತ್ತೇನೆ. ಆರು ಕಟ್ಟು, ನಾಲ್ಕೂವರೆ ಕಟ್ಟು ಹಂಚಿದ ಮೇಲೆ ಕಲಸುತ್ತಾರೆ, ಬ್ಲ್ಯಾಕ್‌ಜ್ಯಾಕ್‌ಗೆ ಒಂದೂವರೆಪಟ್ಟು, ಗಂಟೆಗೆ ನೂರು ಕೈ, ಪಣ 15 ಡಾಲರಿನಿಂದ ಎಣಿಕೆ ಏರಿದಂತೆ 180ರವರೆಗೆ, ತಪ್ಪೇ ಇಲ್ಲದ ಆಟ. ಇಷ್ಟೆಲ್ಲ ಕೂಡಿ ಬಂದರೆ ಸರಾಸರಿ ಲಾಭ ಗಂಟೆಗೆ ಸುಮಾರು 15 ಡಾಲರ್. ನ್ಯೂಜೆರ್ಸಿಯ ಕನಿಷ್ಠ ವೇತನ ಇದಕ್ಕಿಂತ ಹೆಚ್ಚಿದೆ. ಆದರೆ ಒಂದು ಗಂಟೆಯ ಏರಿಳಿತ, ಅಂದರೆ ಪ್ರಮಾಣ ವಿಚಲನೆ, ಸುಮಾರು 500 ಡಾಲರ್. ಲಾಭಕ್ಕಿಂತ ಮೂವತ್ತು ಪಟ್ಟು ಹೆಚ್ಚು!

ಇದರ ಅರ್ಥ ಬಿಡಿಸಿ ಹೇಳುತ್ತೇನೆ. ಹತ್ತು ಗಂಟೆಯ ಒಂದು ವಾರಾಂತ್ಯದಲ್ಲಿ ನೀವು ನಷ್ಟದಲ್ಲಿ ಮನೆಗೆ ಬರುವ ಸಂಭವ ನೂರಕ್ಕೆ 46. ನೂರು ಗಂಟೆ ಆಡಿದ ಮೇಲೂ ಒಟ್ಟಾರೆ ನಷ್ಟದಲ್ಲಿರುವ ಸಂಭವ 38. ಸಾವಿರ ಗಂಟೆ, ಅಂದರೆ ಎರಡು ವರ್ಷ ಒಂದೂ ವಾರಾಂತ್ಯ ಬಿಡದೆ ಹತ್ತು ಗಂಟೆ ಕೂತ ಮೇಲೂ ನೂರರಲ್ಲಿ ಹದಿನೇಳು ಜನ ಹಣ ಕಳೆದುಕೊಂಡೇ ಇರುತ್ತಾರೆ. ಎಲ್ಲವನ್ನೂ ಸರಿಯಾಗಿ ಮಾಡಿದವರ ಮಾತು ಇದು. ಇದೇ ರೀತಿ ಆಡುತ್ತ ಹೋದರೆ 5,000 ಡಾಲರ್ ಪೂರ್ತಿ ಕರಗುವ ಸಂಭವ ನೂರಕ್ಕೆ ಸುಮಾರು 55. ಟೇಬಲ್‌ನ ಕನಿಷ್ಠ ಪಣ 25 ಡಾಲರ್ ಆದರೆ, ವಾರಾಂತ್ಯದಲ್ಲಿ ಹಾಗಾಗುವುದೇ ಹೆಚ್ಚು, ಅದು 70ಕ್ಕೆ ಏರುತ್ತದೆ. 15 ಡಾಲರ್ ಟೇಬಲ್‌ಗೆ 20,000 ಇದ್ದರೆ 9ಕ್ಕೆ ಇಳಿಯುತ್ತದೆ, 40,000 ಇದ್ದರೆ ಒಂದಕ್ಕಿಂತ ಕೆಳಗೆ. ಒಮೆಗಾ-2 ಕಲಿತು ಈ ಅಂಕಿಗಳನ್ನು ಹೇಳಿಕೊಳ್ಳುವಷ್ಟು ಬದಲಿಸಲಾಗದು. ಬದಲಿಸುವುದು ಬಂಡವಾಳ ಮತ್ತು ಟೇಬಲ್‌ನ ನಿಯಮ.

ನಿಯಮದಲ್ಲಿ ಮೊದಲು ನೋಡಬೇಕಾದದ್ದು ಬಟ್ಟೆಯ ಮೇಲೆ ಅಚ್ಚಾಗಿರುವ ಸಾಲು. ಬ್ಲ್ಯಾಕ್‌ಜ್ಯಾಕ್‌ಗೆ 3ಕ್ಕೆ 2 ಎಂದಿದ್ದರೆ 100 ಡಾಲರ್ ಪಣಕ್ಕೆ 150. 6ಕ್ಕೆ 5 ಎಂದಿದ್ದರೆ 120 ಮಾತ್ರ. ಸುಮಾರು 21 ಕೈಗಳಿಗೊಮ್ಮೆ ಬರುವ ಆ ಕೈಯಲ್ಲಿ ಇಷ್ಟು ಕಡಿತವಾದರೆ ಕ್ಯಾಸಿನೊ ಪರವಾಗಿ ಸುಮಾರು 1.4 ಶೇಕಡಾ ಸೇರುತ್ತದೆ. ಎಣಿಕೆಯಿಂದ ನೀವು ಗಳಿಸುವುದೆಲ್ಲ ಅಲ್ಲಿ ಸೋರಿಹೋಯಿತು. ಕಡಿಮೆ ಪಣದ ಟೇಬಲ್‌ಗಳಲ್ಲಿ ಈ ನಿಯಮ ಹೆಚ್ಚಾಗುತ್ತಿದೆ, ಅಂಥಲ್ಲಿ ಕೂರಲೇಬೇಡಿ. ಮೃದು 17ಕ್ಕೆ (ಎಕ್ಕವನ್ನು 11 ಎಂದು ಹಿಡಿದು ಬಂದ 17) ಡೀಲರ್ ಎಲೆ ಎಳೆಯುವ ಟೇಬಲ್ ಇನ್ನೊಂದು 0.2 ಶೇಕಡಾ ತಿನ್ನುತ್ತದೆ. ಹಂಚುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಗುರುತಿಗೆ ಸಿಕ್ಕಿಸುವ ಎಲೆಯನ್ನು ಎಲ್ಲಿ ಇಡುತ್ತಾರೆ ನೋಡಿ: ಆರರಲ್ಲಿ ಎರಡೂವರೆ ಕಟ್ಟು ಬಿಟ್ಟುಬಿಟ್ಟರೆ ಎಣಿಕೆ ಹಣ್ಣಾಗುವ ಮೊದಲೇ ಷೂ ಮುಗಿದಿರುತ್ತದೆ. ನಿರಂತರ ಕಲಸುವ ಯಂತ್ರ ಇದ್ದಲ್ಲಿ ಎಣಿಕೆಗೆ ಅರ್ಥವೇ ಇಲ್ಲ. ಫೋನಿನಲ್ಲಿ ಕಂಪ್ಯೂಟರೇ ಎಲೆ ಹಂಚುವ ಆನ್‌ಲೈನ್ ಬ್ಲ್ಯಾಕ್‌ಜ್ಯಾಕ್‌ಗೂ ಅದೇ ಮಾತು, ಅದು ಸಾಮಾನ್ಯವಾಗಿ ಪ್ರತಿ ಕೈಗೂ ಹೊಸದಾಗಿ ಕಲಸುತ್ತದೆ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಕೇಂದ್ರ ತೆರಿಗೆಯಲ್ಲಿ, ವೃತ್ತಿಯಾಗಿ ಆಡದವರ ಪೈಕಿ, ಜೂಜಿನ ಸೋಲನ್ನು ಗೆಲುವಿನಿಂದ ಕಳೆಯಲು ಐಟೆಮೈಸ್ ಮಾಡಿದವರಿಗೆ, ಅಂದರೆ ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸಿದವರಿಗೆ, ಮಾತ್ರ ಅವಕಾಶ. 2026ರಿಂದ ಸೋಲಿನ 90 ಶೇಕಡಾ ಮಾತ್ರ ಕಳೆಯಬಹುದು. ವರ್ಷದಲ್ಲಿ ಗೆದ್ದ ದಿನಗಳದ್ದು 30,000, ಸೋತ ದಿನಗಳದ್ದು 28,000 ಎಂದುಕೊಳ್ಳಿ. ಕೈಗೆ ಉಳಿದದ್ದು 2,000, ತೆರಿಗೆ ಬೀಳುವುದು 4,800ರ ಮೇಲೆ. ಏರಿಳಿತವೇ ಹೆಚ್ಚಿರುವ ಈ ಆಟಕ್ಕೆ ಇದು ಭಾರಿ ಪೆಟ್ಟು.

ಗೋವಾದಲ್ಲಿ ಲೆಕ್ಕ ಇನ್ನೂ ಕೆಟ್ಟದ್ದು. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳಲ್ಲಿ ಟೇಬಲ್ ಆಟಗಳಿಗೆ ಕಾನೂನಿನ ಅನುಮತಿಯಿದೆ, ಅಲ್ಲಿ ಆಡುವುದು ತಪ್ಪಲ್ಲ. ಆದರೆ 2023ರ ಅಕ್ಟೋಬರ್‌ನಿಂದ ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ 28 ಶೇಕಡಾ ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 40 ಶೇಕಡಾ. ಆಡದೆ ಚಿಪ್ ಹಿಂದಿರುಗಿಸಿದರೂ ಆ ತೆರಿಗೆ ಕಡಿಮೆಯಾಗುವುದಿಲ್ಲ. ಈ ಹೊರೆ ನಿಮ್ಮ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಕೌಂಟರ್‌ನಲ್ಲೇ ಕೇಳಿ. ಗೆದ್ದರೆ 30 ಶೇಕಡಾ ಆದಾಯ ತೆರಿಗೆ, ಸೋಲನ್ನು ಕಳೆಯಲು ಅವಕಾಶವಿಲ್ಲ. ಒಂದು ಶೇಕಡಾ ಮುನ್ನಡೆಗಾಗಿ ದುಡಿಯುವ ವಿದ್ಯೆ ಇಂಥ ತೆರಿಗೆಯ ಮುಂದೆ ನಿಲ್ಲುವುದಿಲ್ಲ. ಗೋವಾಕ್ಕೆ ಸಮುದ್ರ ನೋಡಲು ಹೋಗಿ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಒಂದು, ಮನೆಯಲ್ಲೇ ಮುಂದುವರಿಸುವುದು. ಸಂಭವನೀಯತೆಯ ಇಷ್ಟು ಸುಂದರವಾದ ಪ್ರಯೋಗಶಾಲೆ ಬೇರೆ ಆಟದಲ್ಲಿ ಇಲ್ಲ ಎಂದು ನಾನು ನಂಬಿದ್ದೇನೆ, ಇದರಲ್ಲಿ ನಷ್ಟವೂ ಇಲ್ಲ. ಎರಡು, ವರ್ಷಕ್ಕೆ ಕೆಲವು ಸಲ, ಹೋದರೂ ಹೋಗಲಿ ಎನ್ನುವಷ್ಟು ಹಣ ಹಿಡಿದು ಹೋಗಿ, ಒಳ್ಳೆಯ ನಿಯಮದ ಟೇಬಲ್‌ನಲ್ಲಿ ಸಣ್ಣ ಪಣಕ್ಕೆ ಆಡಿ ಬರುವುದು. ನೀವು ಬಂಡವಾಳ ಎನ್ನುತ್ತಿರುವ 5,000 ಅಲ್ಲಿ ಖರ್ಚು, ಸಿನಿಮಾ ಟಿಕೆಟ್ಟಿನ ಹಾಗೆ. ಮೂರು, ಸಂಪಾದನೆಗಾಗಿಯೇ ಆಡುವುದು: ಅದಕ್ಕೆ ಮನೆ ಖರ್ಚಿನಿಂದ ಪೂರ್ತಿ ಬೇರೆಯಾದ 20ರಿಂದ 40 ಸಾವಿರ ಡಾಲರ್, ಸಾವಿರಾರು ಗಂಟೆ ಮತ್ತು ತಿಂಗಳುಗಟ್ಟಲೆ ಸೋಲನ್ನು ತಡೆಯುವ ಮನಸ್ಸು ಬೇಕು. ನಿಮ್ಮ ಈಗಿನ ಸ್ಥಿತಿಯಲ್ಲಿ ಮೂರನೆಯದನ್ನು ನಾನು ಒಪ್ಪುವುದಿಲ್ಲ. ಎರಡನೆಯದಕ್ಕೆ ಹೋಗುವುದಾದರೆ ಈ ಅಂಕಿಗಳನ್ನು ಹೆಂಡತಿಯ ಎದುರು ಇಟ್ಟು, ಇಬ್ಬರೂ ಕೂತು ಮೊತ್ತ ನಿರ್ಧರಿಸಿ.

ಒಂದು ಲಕ್ಷಣವನ್ನು ಗಮನಿಸುತ್ತಿರಿ. ಎಣಿಕೆ ಸೊನ್ನೆಯಲ್ಲಿದ್ದಾಗಲೂ, ಹೋದದ್ದನ್ನು ವಾಪಸ್ ತರಬೇಕೆಂದು ಪಣ ಏರಿಸಿದ್ದು ನಿಮಗೇ ಕಂಡರೆ, ಆ ಹೊತ್ತಿಗೆ ಎಣಿಕೆ ನಿಂತು ಜೂಜು ಶುರುವಾಗಿದೆ. ಅಂದೇ ಎದ್ದು ಬನ್ನಿ. ಮತ್ತೆ ಮತ್ತೆ ಹಾಗಾದರೆ 1-800-GAMBLER ಎಂಬ ನ್ಯೂಜೆರ್ಸಿಯ ಸಹಾಯವಾಣಿಗೆ ಕರೆ ಮಾಡಿ. ಬುದ್ಧಿವಂತರಿಗೆ ಹೀಗಾಗುವುದಿಲ್ಲ ಎಂದು ತಿಳಿಯಬೇಡಿ. ಲೆಕ್ಕ ಬಲ್ಲವರು ತಮ್ಮ ಸೋಲಿಗೆ ಲೆಕ್ಕದಲ್ಲೇ ಸಮಜಾಯಿಷಿ ಹುಡುಕಿಕೊಳ್ಳುತ್ತಾರೆ.

ಸದ್ಯಕ್ಕೆ ಆ್ಯಪ್‌ನ ಹಣದ ಅಂಕಿಯನ್ನು ಮರೆಮಾಡಿ, ಹೈ-ಲೋದಲ್ಲೇ ಆರು ಕಟ್ಟಿನ ಷೂಗಳನ್ನು ಆಡಿ, ಪ್ರತಿ ಷೂ ಕೊನೆಯಲ್ಲಿ ನಿಮ್ಮ ಎಣಿಕೆ ಮತ್ತು ಸರಿಯಾದ ಎಣಿಕೆಯನ್ನು ಪಕ್ಕಪಕ್ಕದಲ್ಲಿ ಬರೆದಿಡಿ. ಆ ಪಟ್ಟಿಯನ್ನೂ ನೀವು ನೋಡಿಟ್ಟಿರುವ ಟೇಬಲ್‌ನ ನಿಯಮಗಳನ್ನೂ ಕಳಿಸಿದರೆ, ನಿಮ್ಮ ತಪ್ಪುಗಳನ್ನೂ ಸೇರಿಸಿ ಆ ಟೇಬಲ್‌ನಲ್ಲಿ ನಿಮಗಿರುವ ನಿಜವಾದ ಮುನ್ನಡೆ ಎಷ್ಟು, ಅಥವಾ ಇದೆಯೇ ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.